ಸ್ಟಾಪರ್ ಎಳೆದರೂ ನಿಲ್ಲದ ಜೀಪ್

ಕಾಲು ತೆಗೆದರೂ ಗಾಡಿ ತಾನಾಗಿ ರೇಸ್ ಆಗುತ್ತದೆ ಎಂದು ಹೇಳಿಕೊಂಡು ನನ್ನ ಶೆಡ್ಡಿಗೆ ಬರುವ ಜೀಪುಗಳಲ್ಲಿ ಹತ್ತಕ್ಕೆ ಎಂಟರ ಕಾಯಿಲೆ ಪೆಡಲ್ ಹತ್ತಿರವೇ ಇರುತ್ತದೆ. ಎಳೆ ಬಿಟ್ಟ ಕೇಬಲ್, ಸೋತ ಸ್ಪ್ರಿಂಗ್, ಪಿನ್ನಿನ ಸುತ್ತ ಒಣಗಿ ಕಲ್ಲಾದ ಕೆಂಪು ಕೆಸರು. ಅದು ನಮ್ಮವರಿಗೆಲ್ಲ ಗೊತ್ತಿರುವ ವಿಷಯ. ನಾನು ಬರೆಯುತ್ತಿರುವುದು ಉಳಿದ ಎರಡರಲ್ಲಿ ಒಂದರ ಬಗ್ಗೆ. ಅದಕ್ಕಾಗಿ ಹೆಚ್ಚುಕಡಿಮೆ ನಾಲ್ಕು ತಿಂಗಳು ಒದ್ದಾಡಿದೆ, ಇಪ್ಪತ್ತು ಸಾವಿರದ ಹತ್ತಿರ ಹಣ ಹೋಯಿತು. ಮಡಿಕೇರಿಯಿಂದ ಕುಶಾಲನಗರದವರೆಗೆ ಎಷ್ಟೋ ಮೇಸ್ತ್ರಿಗಳು ಇವನಿಗೆ ತಲೆ ಕೆಟ್ಟಿದೆ ಎಂದರು. ಈಗ ಕೆಲಸ ಗೆದ್ದಿದೆ.

ಗಾಡಿ ಡಿಐ (ಡೈರೆಕ್ಟ್ ಇಂಜೆಕ್ಷನ್) ಡೀಸೆಲ್ ಎಂಜಿನಿನ ಹಳೆಯ ಜೀಪ್. ಗಾಳಿಯನ್ನು ಒತ್ತಿ ಒಳಗೆ ತುಂಬುವ ಟರ್ಬೋ ಇಲ್ಲ, ಇನ್‌ಲೈನ್ ಪಂಪ್, ಗಾಳಿಯ ಧೂಳನ್ನು ಎಣ್ಣೆಯ ಬಟ್ಟಲಿನಲ್ಲಿ ಹಿಡಿಯುವ ಆಯಿಲ್ ಬಾತ್ ಏರ್ ಕ್ಲೀನರ್. ಅದನ್ನು ಓಡಿಸುವ ಕಾಕಾ ಅದರ ಮಾಲೀಕರೂ ಹೌದು, ಮಡಿಕೇರಿ ಹತ್ತಿರದ ಮಾಂದಲಪಟ್ಟಿ ಬೆಟ್ಟಕ್ಕೆ ಪ್ರವಾಸಿಗರನ್ನು ಕರೆದೊಯ್ಯುತ್ತಾರೆ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಕಳೆದು ಎರಡು ವಾರವಾಗಿತ್ತು. ಕೊನೆಯ ಏರಿನಲ್ಲಿ ಆರು ಜನರನ್ನು ಕೂರಿಸಿಕೊಂಡು ಫೋರ್‌ವೀಲ್ ಫಸ್ಟ್ ಗೇರಿನಲ್ಲಿ ಹತ್ತುತ್ತಿದ್ದಾಗ ಎಂಜಿನ್ ಒಮ್ಮೆಲೇ ಕಿರುಚಿಕೊಂಡಿತು. ಕಾಕಾ ಕಾಲು ತೆಗೆದರು, ಇಳಿಯಲಿಲ್ಲ. ಕ್ಲಚ್ ಒತ್ತಿದರು, ಭಾರ ಕಳೆದುಕೊಂಡ ಎಂಜಿನ್ ಇನ್ನೂ ಮೇಲಕ್ಕೆ ಹೋಯಿತು. ಡೀಸೆಲ್ ನಿಲ್ಲಿಸಿ ಎಂಜಿನ್ ಬಂದ್ ಮಾಡುವ ಸ್ಟಾಪರ್ ಎಳೆದರು, ಅದಕ್ಕೂ ಬಗ್ಗಲಿಲ್ಲ. ಕೊನೆಗೆ ಮೂತಿಯನ್ನು ರಸ್ತೆ ಪಕ್ಕದ ಮಣ್ಣಿನ ಬರೆಗೆ ಒತ್ತಿ ನಿಲ್ಲಿಸಿ, ಟಾಪ್ ಗೇರಿಗೆ ಹಾಕಿ, ಬ್ರೇಕ್ ತುಳಿದು ಹಿಡಿದು ಕ್ಲಚ್ ಬಿಟ್ಟರು. ಅಷ್ಟಾದ ಮೇಲೆ ಬಂದ್ ಆಯಿತು. ಮೂವತ್ತೈದು ವರ್ಷ ಸ್ಟಿಯರಿಂಗ್ ಹಿಡಿದ ಕೈಯಲ್ಲದಿದ್ದರೆ ಆ ಆರು ಜನರ ಗತಿ ಏನಾಗುತ್ತಿತ್ತೋ. ನೆನೆದರೆ ಈಗಲೂ ನನಗೆ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ, ಏಕೆಂದರೆ ಅದಕ್ಕೆ ಒಂದು ವಾರದ ಹಿಂದೆ ಆ ಗಾಡಿಗೆ ಸರ್ವೀಸ್ ಮಾಡಿದವನು ನಾನೇ.

ಶೆಡ್ಡಿಗೆ ಬಂದು ಕಾಕಾ ಹೇಳಿದ್ದು ಎರಡೇ ಮಾತು. "ಮೇಸ್ತ್ರಿ, ಸ್ಟಾಪರ್ ಎಳೆದೆ, ನಿಲ್ಲಲಿಲ್ಲ. ಹಿಂದೆ ನೋಡಿದರೆ ಹೊಗೆ ಬೆಳ್ಳಗೆ, ರಸ್ತೆಯೇ ಕಾಣಿಸುತ್ತಿರಲಿಲ್ಲ." ಮೊದಲನೆಯದನ್ನು ಹಿಡಿದುಕೊಂಡೆ, ಎರಡನೆಯದನ್ನು ಬಿಟ್ಟೆ. ಮಾಂದಲಪಟ್ಟಿಯಲ್ಲಿ ಬೆಳಗಿನ ಹೊತ್ತು ಮಂಜು ಸುರಿಯುತ್ತಿರುತ್ತದೆ, ಹೊಗೆ ಯಾವುದು ಮಂಜು ಯಾವುದು ಎಂದು ಆ ಗಾಬರಿಯಲ್ಲಿ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ನಾಲ್ಕು ತಿಂಗಳು ವ್ಯರ್ಥವಾದದ್ದು ಆ ಒಂದು ತಪ್ಪಿನಿಂದ.

ಸ್ಟಾಪರ್ ಕೇಳಲಿಲ್ಲ ಎಂದರೆ ನಮ್ಮ ತಲೆ ಸೀದಾ ಡೀಸೆಲ್ ಪಂಪಿಗೆ ಹೋಗುತ್ತದೆ. ಅದರೊಳಗೆ ಡೀಸೆಲ್ ಹೆಚ್ಚುಕಡಿಮೆ ಮಾಡುವ ಸರಳಿಗೆ ರ್‍ಯಾಕ್ ಎನ್ನುತ್ತೇವೆ, ವೇಗವನ್ನು ಮಿತಿಯಲ್ಲಿಡುವ ಭಾಗಕ್ಕೆ ಗವರ್ನರ್. ರ್‍ಯಾಕ್ ಸಿಕ್ಕಿಕೊಂಡರೆ ಗವರ್ನರ್‌ಗೂ ಅದು ಜರುಗುವುದಿಲ್ಲ, ಸ್ಟಾಪರಿಗೂ ಜರುಗುವುದಿಲ್ಲ. ತೋಟದ ಬ್ಯಾರೆಲ್‌ನಲ್ಲಿ ಮಳೆಗಾಲವಿಡೀ ನಿಂತ ಡೀಸೆಲ್ ಹಾಕಿ ನೀರು ಕುಡಿಸಿದ ಪಂಪುಗಳಲ್ಲಿ ರ್‍ಯಾಕ್ ತುಕ್ಕು ಹಿಡಿದದ್ದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಪಂಪ್ ಇಳಿಸಿ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಮೈಸೂರಿಗೆ ಒಯ್ದೆ. ಕ್ಯಾಲಿಬ್ರೇಷನ್, ಗವರ್ನರ್ ಸ್ಪ್ರಿಂಗ್, ಸೀಲ್ ಎಲ್ಲ ಸೇರಿ ಆರೂವರೆ ಸಾವಿರ. ಡೀಸೆಲ್ ಚಿಮ್ಮಿಸುವ ನಾಲ್ಕು ನಾಜಲ್‌ಗೆ ಇನ್ನೊಂದು ಮೂರೂವರೆ. ಹೊಸ ಕೇಬಲ್, ಎರಡೆರಡು ರಿಟರ್ನ್ ಸ್ಪ್ರಿಂಗ್. ಒಂದು ತಿಂಗಳು ಚೆನ್ನಾಗಿ ಓಡಿತು, ಆಮೇಲೆ ಅದೇ ಏರು, ಅದೇ ಕಿರುಚಾಟ. ಮತ್ತೆ ಪಂಪ್ ಇಳಿಸಿದೆ. ಮೈಸೂರಿನ ಅಂಗಡಿಯವರು ಬೆಂಚಿನ ಮೇಲೆ ನನ್ನೆದುರೇ ತಿರುಗಿಸಿ ತೋರಿಸಿದರು, ರ್‍ಯಾಕ್ ಬೆಣ್ಣೆಯಂತೆ ಜಾರುತ್ತಿತ್ತು. ಆದರೂ ಮೂರು ಸಾವಿರ ಕೊಟ್ಟು ಬಂದೆ. ಅದು ನನ್ನ ಜೇಬಿನಿಂದ, ಕಾಕಾ ಹತ್ತಿರ ಎರಡನೇ ಸಲ ಕೇಳಲು ಮುಖ ಬರಲಿಲ್ಲ.

ಮೂರನೇ ಸಲ ಸಂಪಾಜೆ ಘಾಟಿಯಲ್ಲಿ ಆಯಿತು. ಸುಳ್ಯದಿಂದ ಖಾಲಿ ಬರುತ್ತಿದ್ದ ಗಾಡಿ, ಹತ್ತುವ ದಿಕ್ಕು. ಆಗ ಒಂದು ಹೊಳೆಯಿತು: ಮೂರು ಸಲವೂ ಮೂತಿ ಮೇಲೆ, ಹಿಂಭಾಗ ಕೆಳಗೆ. ಇಳಿಜಾರಿನಲ್ಲಿ ಒಮ್ಮೆಯೂ ಇಲ್ಲ, ಸಪಾಟು ರಸ್ತೆಯಲ್ಲೂ ಇಲ್ಲ. ರ್‍ಯಾಕಿಗೆ ಏರು ಯಾವುದು ತಗ್ಗು ಯಾವುದು ಎಂಬುದು ತಿಳಿಯುವುದಿಲ್ಲ, ಎಣ್ಣೆಗೆ ತಿಳಿಯುತ್ತದೆ.

ಬಾನೆಟ್ ತೆಗೆದು, ಈ ಸಲ ಪಂಪನ್ನು ನೋಡದೆ ಗಾಳಿಯ ದಾರಿಯನ್ನು ನೋಡಿದೆ. ಎಂಜಿನ್ ತಲೆಯ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರ್‌ನ ಒಳಗಿನ ಆವಿ ಹೊರಗೆ ಬಿಡುವ ಬ್ರೀದರ್ ಪೈಪ್ ಏರ್ ಕ್ಲೀನರ್ ಕಡೆಗೆ ಹೋಗಬೇಕಿತ್ತು. ಹಿಂದೆ ಯಾವ ಕಾಲದಲ್ಲೋ ಯಾರೋ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿಗೇ ತೂತು ಕೊರೆದು ನಿಪ್ಪಲ್ (ತುಂಡು ನಳಿಕೆ) ಬೆಸೆದು ಅದಕ್ಕೆ ಸಿಕ್ಕಿಸಿದ್ದರು. ಪಿಸ್ಟನ್ ರಿಂಗ್ ಸವೆದು ಬ್ಯಾಕ್ ಕಂಪ್ರೆಷನ್ ಇದೆ, ಅಂದರೆ ಸಿಲಿಂಡರಿನ ಒತ್ತಡ ಕೆಳಗೆ ಎಣ್ಣೆಯ ಕಡೆಗೆ ಸೋರುತ್ತದೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ಗಾಡಿ ಆಯಿಲ್ ತಿನ್ನುತ್ತದೆ ಎಂದು ಕಾಕಾ ವಾರಕ್ಕೊಮ್ಮೆ ಡಿಪ್ ಸ್ಟಿಕ್ ನೋಡದೆಯೇ ಅರ್ಧ ಲೀಟರ್ ಸುರಿಯುತ್ತಿದ್ದರು, ಅಳೆದು ನೋಡಿದರೆ ಗುರುತಿಗಿಂತ ಎರಡು ಬೆರಳು ಮೇಲಿತ್ತು. ಅದು ಸಾಲದೆಂದು ನನ್ನ ಹುಡುಗ ಸರ್ವೀಸಿನಲ್ಲಿ ಏರ್ ಕ್ಲೀನರ್ ಬಟ್ಟಲಿಗೂ ಗೆರೆ ಮೀರಿ ಎಣ್ಣೆ ತುಂಬಿಸಿದ್ದ.

ಏರಿನಲ್ಲಿ ಎಂಜಿನ್ ಈ ದಾರಿಯಿಂದ ತನ್ನದೇ ಎಣ್ಣೆ ಕುಡಿದು ಅದನ್ನು ಡೀಸೆಲ್ಲಿನಂತೆ ಉರಿಸುತ್ತಿದೆ, ಬಿಳಿ ಹೊಗೆ ಅದರದ್ದೇ, ಸ್ಟಾಪರಿಗೆ ಬಗ್ಗದಿರುವುದೂ ಅದಕ್ಕೇ ಎಂದು ಹೇಳಿದಾಗ ಜೀಪ್ ಸ್ಟ್ಯಾಂಡಿನಲ್ಲಿ ಯಾರೂ ಒಪ್ಪಲಿಲ್ಲ. ಲಾರಿಯಲ್ಲಿ ಟರ್ಬೋ ಸೀಲ್ ಹೋಗಿ ಎಂಜಿನ್ ಎಣ್ಣೆ ಕುಡಿದು ಓಡಿದ್ದನ್ನು ಎಲ್ಲರೂ ಕೇಳಿದ್ದಾರೆ. ಟರ್ಬೋ ಇಲ್ಲದ ಜೀಪಿನಲ್ಲಿ ಅದು ಹೇಗೆ ಸಾಧ್ಯ ಎಂಬುದು ಅವರ ಪ್ರಶ್ನೆ. ಒಬ್ಬ ಹಿರಿಯ ಮೇಸ್ತ್ರಿಯಂತೂ, "ಪಂಪ್ ಕೆಲಸ ಬಾರದಿದ್ದರೆ ಎಣ್ಣೆಯ ಮೇಲೆ ಹಾಕಬೇಡ" ಎಂದು ಎಲ್ಲರೆದುರು ಹೇಳಿದರು. ಆ ಮಾತು ನನಗೆ ನಾಟಿತು.

ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪ್ ಇರುತ್ತದಲ್ಲ, ಅದರಿಂದ ಎರಡು ಅಡಿ ಕತ್ತರಿಸಿ ಬ್ರೀದರ್ ಪೈಪಿನ ಜಾಗದಲ್ಲಿ ಹಾಕಿದೆ. ಶೆಡ್ಡಿನ ಹಿಂದಿನ ಕಾಫಿ ಕಣಕ್ಕೆ ಹತ್ತುವ ಕಡಿದಾದ ದಾರಿಯಲ್ಲಿ ಜೀಪನ್ನು ಮೂತಿ ಮೇಲೆ ಮಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟೆವು. ಕಾಕಾ ಸೀಟಿನಲ್ಲಿ, ನಾನು ಬಾನೆಟ್ ಪಕ್ಕ, ಎಂಜಿನ್ ಓಡತೊಡಗಿದರೆ ಗಾಳಿಯ ಬಾಯಿ ಮುಚ್ಚಲು ಕೈಯಲ್ಲಿ ಒಂದು ಹಲಗೆ ಹಿಡಿದು ನಿಂತೆ. ಎಂಜಿನ್ ಕಾದ ಮೇಲೆ ಸ್ವಲ್ಪ ರೇಸ್ ಕೊಡಲು ಹೇಳಿದೆ. ಮೊದಲು ಪೈಪಿನ ಒಳಗೋಡೆ ಬರಿಯ ಉಸಿರಿನಿಂದ ಮಬ್ಬಾಯಿತು. ಆಮೇಲೆ ಕವರ್ ಕಡೆಯಿಂದ ಕಪ್ಪು ಎಣ್ಣೆ ಒಂದು ದಾರದಷ್ಟು ದಪ್ಪಕ್ಕೆ ತೆವಳಿಕೊಂಡು ಬಂತು. ನಡುವಿನ ಬಾಗಿನಲ್ಲಿ ನಿಂತಿತು, ತುಂಬಿತು, ತಕ್ಷಣ ಗುಟುಕೊಂದು ಮ್ಯಾನಿಫೋಲ್ಡಿನೊಳಕ್ಕೆ ಹೋಯಿತು. ಎಂಜಿನ್ ಒಂದು ಕ್ಷಣ ಏರಿ ಇಳಿಯಿತು. ಕಾಕಾ ಕಾಲು ಅಲ್ಲಾಡಿಸಿರಲಿಲ್ಲ. ಕಿಟಕಿಯಿಂದ ತಲೆ ಹಾಕಿ, "ಇದೇ ಸದ್ದು, ಇದೇ" ಎಂದರು. ಪೈಪ್ ಕಾವಿಗೆ ಮೆತ್ತಗಾಗುವ ಮೊದಲೇ ಬಂದ್ ಮಾಡಿಸಿದೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ಅಂದು ರಾತ್ರಿ ನಿದ್ದೆ ಬಂತು.

ಬ್ರೀದರನ್ನು ಮ್ಯಾನಿಫೋಲ್ಡಿನಿಂದ ಬಿಡಿಸಿ, ನಿಪ್ಪಲ್ ತೂತು ಬೆಸೆದು ಮುಚ್ಚಿ, ಎಣ್ಣೆ ಹಿಡಿಯುವ ಡಬ್ಬಿ ಕಟ್ಟಿದ್ದು ಸುಲಭದ ಕೆಲಸ. ಎರಡು ಲೀಟರಿನ ಕಬ್ಬಿಣದ ಡಬ್ಬಿ, ಕೆಳಗೆ ನಲ್ಲಿ, ಒಳಗೆ ಎಣ್ಣೆ ತಡೆಯಲು ಏನಾದರೂ ತುಂಬಬೇಕು. ಮೊದಲು ತೆಂಗಿನ ನಾರು ತುಂಬಿದೆ, ಹತ್ತು ದಿನಕ್ಕೆ ಅದು ಹಿಟ್ಟಾಗಿ ನಲ್ಲಿ ಕಟ್ಟಿಕೊಂಡಿತು. ಪಾತ್ರೆ ತಿಕ್ಕುವ ಸ್ಟೀಲ್ ಜುಂಗು ಈಗ ಒಂದು ವರ್ಷದಿಂದ ಹಾಗೆಯೇ ಇದೆ. ಡಬ್ಬಿಯಿಂದ ಹೊರಡುವ ಪೈಪಿನ ಬಾಯಿ ಚಾಸಿಸ್ ಕೆಳಗೆ ಬಯಲಿಗೆ. ಮಾಂದಲಪಟ್ಟಿಗೆ ಒಂದು ಸಲ ಹೋಗಿಬಂದರೆ ಮೊದಮೊದಲು ಟೀ ಲೋಟದ ಅರ್ಧದಷ್ಟು ಎಣ್ಣೆ ಸಿಗುತ್ತಿತ್ತು.

ಆದರೆ ಅಷ್ಟಕ್ಕೇ ನನಗೆ ಸಮಾಧಾನವಾಗಲಿಲ್ಲ. ಎಣ್ಣೆ ಬೇರೆ ದಾರಿಯಿಂದ ಬಂದರೆ? ಗಾಳಿ ನಿಲ್ಲಿಸಿದರೆ ಯಾವ ಎಣ್ಣೆ ಕುಡಿದ ಎಂಜಿನ್ನೂ ನಿಲ್ಲಲೇಬೇಕು. ಇಂಥ ಹಳೆಯ ಡೀಸೆಲ್ ಎಂಜಿನಿಗೆ ಗಾಳಿಯ ಬಾಗಿಲು ಇಲ್ಲ, ನಾವೇ ಇಡಬೇಕು. ಮೊದಲ ಪ್ರಯತ್ನದಲ್ಲಿ ತಗಡಿನ ತಟ್ಟೆಯನ್ನು ರಬ್ಬರ್ ಹೋಸಿನ ಹಿಂದೆ, ಏರ್ ಕ್ಲೀನರ್ ಕಡೆ ಇಟ್ಟೆ. ರೇಸ್‌ನಲ್ಲಿ ಮುಚ್ಚಿದ ಕೂಡಲೇ ಹೋಸ್ ಚಪ್ಪಟೆಯಾಗಿ, ಕ್ಲಿಪ್ ಹತ್ತಿರ ಹರಿದು, ಅಲ್ಲಿಂದ ಗಾಳಿ ಎಳೆದುಕೊಂಡು ಎಂಜಿನ್ ಓಡುತ್ತಲೇ ಇತ್ತು. ಎರಡನೆಯದನ್ನು ಮ್ಯಾನಿಫೋಲ್ಡ್ ಬಾಯಿಗೇ ಕಟ್ಟಿದೆ, ಇನ್ನೊಂದು ಹಳೆಯ ಜೀಪಿಗೆ. ಅದರ ಬ್ರೀದರನ್ನು ಮ್ಯಾನಿಫೋಲ್ಡಿನಿಂದ ಇನ್ನೂ ಬಿಡಿಸಿರಲಿಲ್ಲ. ತಟ್ಟೆ ಮುಚ್ಚಿದ ಮೇಲೆ ಎಂಜಿನಿನ ಪೂರ್ತಿ ಸೆಳೆತ ಬ್ರೀದರ್ ಮೇಲೆ ಬಿದ್ದು, ಕೆಳಗಿನಿಂದ ಗಾಳಿಯನ್ನೂ ಎಣ್ಣೆಯನ್ನೂ ಎಳೆದು ಹೊಗೆ ಕಾರಿತು. ಹಲಗೆಯಿಂದಲೂ ನಿಲ್ಲಲಿಲ್ಲ, ಗೇರಿಗೆ ಹಾಕಿ ಬಂದ್ ಮಾಡಬೇಕಾಯಿತು. ಈ ಕೆಲಸಕ್ಕೆ ಕೈ ಹಾಕುವವರು ಈ ಕ್ರಮವನ್ನು ತಪ್ಪಿಸಬಾರದು: ಮೊದಲು ಬ್ರೀದರ್ ಬಿಡಿಸಿ, ಆಮೇಲೆ ತಟ್ಟೆ.

ಮೂರನೆಯದಕ್ಕೆ ಕುಶಾಲನಗರದ ಗುಜರಿಯಿಂದ ಲಾರಿಯ ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ಮುಚ್ಚಿ ವೇಗ ತಗ್ಗಿಸುವ ಬ್ರೇಕ್) ತಟ್ಟೆ ತಂದೆ, ನಾನೂರು ರೂಪಾಯಿ. ಅದರ ದೇಹ ಗಟ್ಟಿ, ತಟ್ಟೆ ದಪ್ಪ, ದಂಡ ಅಲ್ಲಾಡುವುದಿಲ್ಲ. ಜೀಪಿನ ಬಾಯಿಗೆ ಹೊಂದಲು ಎರಡೂ ಕಡೆಗೆ ಲೇತಿನಲ್ಲಿ ಲೋಹದ ಬಳೆ ಕಡೆದು ಕೂರಿಸಬೇಕು, ಅದಕ್ಕೆ ಎಂಟುನೂರು. ಎಳೆಯಲು ಟ್ರ್ಯಾಕ್ಟರಿನ ಸ್ಟಾಪರ್ ಕೇಬಲ್, ಡ್ಯಾಷ್ ಬೋರ್ಡಿನಲ್ಲಿ ಕೆಂಪು ಗುಂಡಿ. ಒಂದು ತೊಂದರೆ ಇದೆ: ಎಕ್ಸಾಸ್ಟ್ ಬ್ರೇಕ್ ತಟ್ಟೆ ಪೂರ್ತಿ ಮುಚ್ಚುವುದಿಲ್ಲ, ಸುತ್ತ ಕೂದಲೆಳೆಯಷ್ಟು ಅಂತರ ಉಳಿಯುತ್ತದೆ. ಆ ಅಂತರಕ್ಕೆ ನಾನು ಏನು ಮಾಡಿದೆ ಎಂಬುದನ್ನು ಬರೆಯುವುದಿಲ್ಲ. ಅದಕ್ಕೆ ಆರು ತಟ್ಟೆ ಹಾಳು ಮಾಡಿಕೊಂಡಿದ್ದೇನೆ, ಅದು ನನ್ನ ಹೊಟ್ಟೆಪಾಡು. ಸ್ಪ್ರಿಂಗ್ ಯಾವ ಕಡೆ ಎಳೆಯಬೇಕು ಎಂಬುದೂ ಹಾಗೆಯೇ.

ನಂಬದವರನ್ನು ಒಂದು ಭಾನುವಾರ ಸಂಜೆ ಶೆಡ್ಡಿಗೆ ಕರೆದೆ. ಆ ಹಿರಿಯ ಮೇಸ್ತ್ರಿಯೂ ಬಂದಿದ್ದರು. ದನಕ್ಕೆ ಔಷಧ ಕುಡಿಸುವ ಸಿರಿಂಜ್‌ನಲ್ಲಿ ಮೂವತ್ತು ಮಿಲಿ ಎಂಜಿನ್ ಆಯಿಲ್ ತುಂಬಿ, ಕಾಕಾ ಜೀಪಿನ ಗಾಳಿ ದಾರಿಗೆ ಉದ್ದದ ಪೈಪಿನಿಂದ ಬಿಟ್ಟೆ. ಎಂಜಿನ್ ಆರ್ಭಟಿಸಿತು, ನೀಲಿ ಬೆರೆತ ಬಿಳಿ ಹೊಗೆ ಶೆಡ್ ತುಂಬಿತು. ಮೊದಲು ಸ್ಟಾಪರ್ ಎಳೆದು ತೋರಿಸಿದೆ, ಏನೂ ಆಗಲಿಲ್ಲ. ಆಮೇಲೆ ಕೆಂಪು ಗುಂಡಿ ಎಳೆದೆ. ಎರಡು ಮೂರು ಸೆಕೆಂಡಿನೊಳಗೆ ನಿಶ್ಶಬ್ದ. ಹಿರಿಯರು ಏನೂ ಹೇಳದೆ ಬಾನೆಟ್ ಹತ್ತಿರ ಬಂದು ತಟ್ಟೆಯ ಬಳೆಯನ್ನು ಬೆರಳಿನಿಂದ ಸವರಿ ನೋಡಿದರು. ನನಗೆ ಅಷ್ಟು ಸಾಕಾಗಿತ್ತು. ಈ ಪ್ರಯೋಗವನ್ನು ನೀವು ಮಾಡಬೇಡಿ, ಎಣ್ಣೆ ಹತ್ತು ಮಿಲಿ ಹೆಚ್ಚಾದರೂ ಕನೆಕ್ಟಿಂಗ್ ರಾಡ್ ಎಂಜಿನ್ ಒಡೆದು ಹೊರಗೆ ಬರಬಹುದು. ತಟ್ಟೆ ಇಲ್ಲದ ಗಾಡಿ ಹೀಗೆ ಓಡತೊಡಗಿದರೆ ಕೈಯಿಂದ ಮ್ಯಾನಿಫೋಲ್ಡ್ ಮುಚ್ಚಲು ಹೋಗಬೇಡಿ, ಗೋಣಿಯನ್ನೂ ಹಿಡಿಯಬೇಡಿ, ಒಳಗೆ ಎಳೆದುಕೊಳ್ಳುತ್ತದೆ. ದಪ್ಪ ಹಲಗೆ ಹಿಡಿಯಿರಿ, ಇಲ್ಲವೇ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇದ್ದರೆ ಗಾಳಿ ದಾರಿಗೆ ಬಿಡಿ. ಓಡುತ್ತಿರುವ ಗಾಡಿಯಲ್ಲಿ ಕಾಕಾ ಮಾಡಿದ್ದೇ ಸರಿ.

ಈ ಸುದ್ದಿ ಹರಡಿದ ಮೇಲೆ ಬೇರೆ ಬೇರೆ ಗಾಡಿಗಳೂ ಬಂದವು. ಸಿದ್ದಾಪುರದ ತೋಟವೊಂದರ ಹೊಸ ಪಿಕಪ್, ಕಾಮನ್ ರೈಲ್, ಅಂದರೆ ಡೀಸೆಲ್ ಎಷ್ಟು ಬಿಡಬೇಕೆಂದು ಕಂಪ್ಯೂಟರ್ ನೋಡಿಕೊಳ್ಳುವ ಎಂಜಿನ್. ಪೆಡಲ್ ಒತ್ತದೆಯೇ 1,200-1,300 ಆರ್‌ಪಿಎಂಗೆ ಏರಿ ಅಲ್ಲೇ ನಿಲ್ಲುತ್ತದೆ, ಫಸ್ಟ್ ಗೇರಿನಲ್ಲಿ ತಾನೇ ನಡೆಯುತ್ತದೆ, ಪೆಡಲ್ ಒತ್ತಿದರೂ ರೇಸ್ ಏರುವುದಿಲ್ಲ. ಇದು ಎಣ್ಣೆಯ ಕಥೆಯಲ್ಲ. ಪೆಡಲಿನಲ್ಲಿ ಎರಡು ಸೆನ್ಸರ್ ದಾರಿ ಇರುತ್ತವೆ, ಸಾಮಾನ್ಯವಾಗಿ ಒಂದರ ವೋಲ್ಟ್ ಇನ್ನೊಂದರ ಅರ್ಧದಷ್ಟಿರಬೇಕು. ಎರಡರ ಲೆಕ್ಕ ತಾಳೆಯಾಗದಿದ್ದರೆ ಕಂಪ್ಯೂಟರ್ ಪೆಡಲನ್ನೇ ನಂಬದೆ, ಮನೆ ಸೇರುವಷ್ಟು ರೇಸ್ ಇಟ್ಟು ಕೂರುತ್ತದೆ. ಮೀಟರ್ ಹಿಡಿದು ನೋಡಿದರೆ ಕನೆಕ್ಟರ್ ಪಿನ್ನಿಗೆ ಹಸಿರು ಕಿಲುಬು, ಒಂದು ವೈರನ್ನು ಇಲಿ ಕಡಿದಿತ್ತು. ಅವರಿಗೆ ಬೇರೆಡೆ ವೈರಿಂಗ್ ಪೂರ್ತಿ ಬದಲಿಸಲು ನಲವತ್ತು ಸಾವಿರ ಹೇಳಿದ್ದರಂತೆ. ನಾನು ತೆಗೆದುಕೊಂಡದ್ದು ಒಂಬೈನೂರು.

ಕಾಕಾ ಜೀಪಿನ ರಿಂಗ್ ಮತ್ತು ಸಿಲಿಂಡರ್ ಒಳಗಿನ ಲೈನರ್ ಕೆಲಸವನ್ನು ಬಾಡಿಗೆ ಕಡಿಮೆಯಿದ್ದ ಜುಲೈನಲ್ಲಿ ಮಾಡಿಸಿದೆವು, ಐವತ್ತು ಸಾವಿರ ದಾಟಿತು. ಡಬ್ಬಿಯಲ್ಲಿ ಈಗ ತಿಂಗಳಿಗೆ ಎರಡು ಚಮಚ ಎಣ್ಣೆಯೂ ಬೀಳುವುದಿಲ್ಲ. ಇದುವರೆಗೆ ಹನ್ನೊಂದು ಜೀಪುಗಳಿಗೆ ತಟ್ಟೆ ಕಟ್ಟಿದ್ದೇನೆ, ಒಂದಕ್ಕೆ ಮೂರು ಸಾವಿರದ ಇನ್ನೂರು. ಕಳೆದ ಮಳೆಗಾಲದಲ್ಲಿ ಎರಡರ ದಂಡ ತುಕ್ಕು ಹಿಡಿದು ಗುಂಡಿ ಎಳೆದರೂ ಅರ್ಧಕ್ಕೇ ನಿಂತಿತು. ಆಮೇಲಿನಿಂದ ವಾರಕ್ಕೊಮ್ಮೆ ಗಾಡಿಯನ್ನು ಕೆಂಪು ಗುಂಡಿಯಿಂದಲೇ ಬಂದ್ ಮಾಡಿ ಎಂದು ಎಲ್ಲರಿಗೂ ಹೇಳುತ್ತಿದ್ದೇನೆ. ಕಾಕಾ ಸೋಮವಾರ ಮೊದಲ ಬಾಡಿಗೆಗೆ ಹೋಗುವ ಮುನ್ನ ತಪ್ಪದೆ ಮಾಡುತ್ತಾರೆ. ಈ ಸಲ ಮಳೆ ಹಿಡಿಯುವುದರೊಳಗೆ ಹನ್ನೊಂದರ ದಂಡಕ್ಕೂ ತುಕ್ಕು ಹಿಡಿಯದ ಹಿತ್ತಾಳೆ ಬುಷ್ ಹಾಕಬೇಕು. ನಾಲ್ಕು ಲೇತಿನಲ್ಲಿ ಸಿದ್ಧವಾಗಿವೆ.