ಬರೀ ವಾಕಿಂಗ್ ಸಾಲಲ್ಲ, ಶುಗರ್ ಇಳೀಬೇಕಂದ್ರೆ ಬಸ್ಕಿನೂ ಹೊಡೀರಿ

ಶುಗರ್ ಬಾರ್ಡರ್‌ಲೈನ್ ಅಂತ ರಿಪೋರ್ಟ್ ಬಂದ ಕೂಡ್ಲೇ ನಮ್ಮೋರು ಮಾಡೋದು ಒಂದೇ, ರಾತ್ರಿ ಅನ್ನ ಬಿಟ್ಟು ಚಪಾತಿ, ಬೆಳಗ್ಗೆ ಪಾರ್ಕಲ್ಲಿ ನಾಲ್ಕು ರೌಂಡು, ಬರ್ತಾ ದರ್ಶಿನೀಲಿ ಸೆಟ್ ದೋಸೆ. ವಾಕಿಂಗ್ ಬೇಡ ಅಂತಿಲ್ಲ ಮಾರಾಯ್ರೇ, ಆದ್ರೆ ರಕ್ತದಲ್ಲಿರೋ ಸಕ್ಕರೇನ ಇನ್ಸುಲಿನ್ ತಗೊಂಡೋಗಿ ತುಂಬೋ ಜಾಗಗಳಲ್ಲಿ ದೊಡ್ಡದು ಮಸಲ್ಲು, ದೊಡ್ಡೋರ ಮೈಯಲ್ಲಿ ಸುಮಾರು 400 ಗ್ರಾಂ ಗ್ಲೈಕೋಜನ್, ಅಂದ್ರೆ ಕೂಡಿಟ್ಟ ಸಕ್ಕರೆ, ಮಸಲ್ಲಲ್ಲೇ ಇರತ್ತೆ, ಲಿವರಲ್ಲಿ 100 ಗ್ರಾಂ ಆಸುಪಾಸು ಅಷ್ಟೇ. ಆ ಉಗ್ರಾಣ ಖಾಲಿ ಆಗ್ದೇ ಇದ್ರೆ ಹೊಸ ಸಕ್ಕರೆ ಎಲ್ಲಿಗೆ ಹೋಗ್ಬೇಕು?

ಮಸಲ್ ಸೆಲ್ ಒಳಗೆ ಗ್ಲೂಟ್-4 ಅಂತ ಒಂದು ಪ್ರೋಟೀನ್ ಇದೆ, ಇನ್ಸುಲಿನ್ ಬಂದಾಗ ಅದು ಸೆಲ್ಲಿನ ಹೊರಪದರಕ್ಕೆ ಬಂದು ಸಕ್ಕರೇನ ಒಳಗೆ ಬಿಟ್ಕೊಳತ್ತೆ. ಇನ್ಸುಲಿನ್ ರೆಸಿಸ್ಟೆನ್ಸ್ ಇರೋರಲ್ಲಿ, ಅಂದ್ರೆ ಇನ್ಸುಲಿನ್ ಮಾತನ್ನ ಮೈ ಸರಿಯಾಗಿ ಕೇಳದೇ ಇರೋರಲ್ಲಿ, ಇದು ಸರಿಯಾಗಿ ನಡೆಯಲ್ಲ. ಮಜಾ ಏನಂದ್ರೆ ಮಸಲ್ ಕೆಲಸ ಮಾಡ್ತಿದ್ರೆ ಇನ್ಸುಲಿನ್ ಹೇಳ್ದೇ ಇದ್ರೂ ಗ್ಲೂಟ್-4 ಮೇಲೆ ಬರತ್ತೆ, ಅದರ ದಾರೀನೇ ಬೇರೆ.

ಹಾಗಾಗಿ ಊಟ ಆಗಿ ಅರ್ಧ ಗಂಟೆ ಒಳಗೆ 10-15 ನಿಮಿಷ ನಡೀರಿ, ಮನೆ ಟೆರೇಸ್ ಮೇಲಾದ್ರೂ ಸರಿ. ಊಟ ಮುಗಿಸಿ ಸೀದಾ ಸೋಫಾಗೆ ಬೀಳೋದೊಂದು ಬಿಡಿ.

ಇನ್ನು ಬಸ್ಕಿ. ವಾರಕ್ಕೆ 2-3 ದಿನ, ಮಧ್ಯೆ ಒಂದೊಂದು ದಿನ ಬಿಟ್ಟು. ಮಂಡಿ ನೋವಿರೋರು ಗೋಡೆಗೆ ಒತ್ತಿಟ್ಟಿರೋ ಕುರ್ಚಿ ಮೇಲೆ ಕೂತು, ಕೈ ಊರದೇ ಎದ್ದು, ಮತ್ತೆ ಧೊಪ್ಪಂತ ಬೀಳ್ದೇ ಮೂರು ಎಣಿಸ್ತಾ ನಿಧಾನಕ್ಕೆ ಕೂರಿ, ಆ ಇಳಿಯೋ ಹೊತ್ತಲ್ಲೂ ತೊಡೆಗೆ ಕೆಲಸ ಇದೆ. ಹತ್ತು ಸಲ ಮಾಡಿ, ರೆಸ್ಟ್ ತಗೊಂಡು ಇನ್ನೆರಡು ಸೆಟ್. ಕೊನೇ ಎರಡ್ಮೂರು ಸಲ ಏಳೋಕೆ ಕಷ್ಟ ಆಗ್ಬೇಕು, ಆರಾಮಾಗಿ ಆಗ್ತಿದೆ ಅಂದ್ರೆ ಬ್ಯಾಗಲ್ಲಿ ಎರಡು ಕೆಜಿ ಅಕ್ಕಿ ಹಾಕಿ ಎದೆಗೆ ಅಪ್ಕೊಳಿ. ಜೊತೆಗೆ ಗೋಡೆಗೆ ಕೈಕೊಟ್ಟು ಪುಶ್‌ಅಪ್, ಮೇಲ್ಗಡೆ ಮೈಗೂ ಕೆಲಸ ಬೇಕಲ್ಲ. ಉಸಿರು ಮಾತ್ರ ಬಿಗಿ ಹಿಡೀಬೇಡಿ, ಬಿಪಿ ಏರತ್ತೆ.

ಮೊದಲ ಕೆಲವು ವಾರ ಶಕ್ತಿ ಬರತ್ತೆ, ಮಸಲ್ ದಪ್ಪ ಆಗಿರಲ್ಲ, ನರಗಳು ಇರೋ ಮಸಲ್ಲನ್ನೇ ಚೆನ್ನಾಗಿ ಬಳಸೋದು ಕಲ್ತಿರ್ತವೆ ಅಷ್ಟೇ. ತೂಕ ಇಳೀಲಿಲ್ಲ ಅಂತ ಬಿಟ್ಬಿಡೋರು ಜಾಸ್ತಿ, ನನ್ನ ಪ್ರಕಾರ ಅದಕ್ಕಿಂತ ದಡ್ಡತನ ಇಲ್ಲ, ತೂಕ ಇಳಿಯೋಕೆ ಮುಂಚೇನೇ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡೋಕೆ ಶುರು ಮಾಡಿರತ್ತೆ. ಆದ್ರೆ ಒಂದು ಸಲ ಮಾಡಿದ್ದರ ಪರಿಣಾಮ ಇರೋದು ಹೆಚ್ಚುಕಮ್ಮಿ ಒಂದೆರಡು ದಿನ, ಅದಕ್ಕೇ ವಾಕಿಂಗೋ ಬಸ್ಕಿನೋ ಯಾವುದಾದ್ರೂ ಸರಿ, ಎರಡು ದಿನಕ್ಕಿಂತ ಜಾಸ್ತಿ ಗ್ಯಾಪ್ ಕೊಡಬೇಡಿ.

ಜೋರಾಗಿ ಭಾರ ಎತ್ತಿದ ಕೂಡ್ಲೇ ಚೆಕ್ ಮಾಡಿದ್ರೆ ಶುಗರ್ ಸ್ವಲ್ಪ ಏರಿರಬಹುದು, ಅಡ್ರಿನಲಿನ್ ಬಂದು ಲಿವರಿಂದ ಸಕ್ಕರೆ ಬಿಡಿಸತ್ತೆ, ಗಾಬರಿ ಬೇಡ. ಗಾಬರಿ ಪಡ್ಬೇಕಾಗಿರೋದು ಲೋ ಆದಾಗ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಅನ್ನೋ ಶುಗರ್ ಮಾತ್ರೆ ತಗೊಳೋರಾದ್ರೆ ಶುರು ಮಾಡೋಕೆ ಮುಂಚೆ ಡಾಕ್ಟರ್ ಹತ್ರ ಡೋಸ್ ಬಗ್ಗೆ ಮಾತಾಡಿ, ಜೇಬಲ್ಲಿ ಗ್ಲೂಕೋಸ್ ಪುಡಿ ಇಟ್ಕೊಳಿ, ಕೈ ನಡುಗಿ ಬೆವರು ಬಂದು 70ಕ್ಕಿಂತ ಕೆಳಗೆ ಬಂತು ಅಂದ್ರೆ 15 ಗ್ರಾಂ, ಅಂದ್ರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. ಶುಗರಿಂದ ಕಣ್ಣಿನ ರೆಟಿನಾಗೆ ತೊಂದ್ರೆ ಆಗಿರೋರು ಕಣ್ಣಿನ ಡಾಕ್ಟರನ್ನ ಕೇಳದೇ ಭಾರ ಎತ್ತಬೇಡಿ. ಪಾದ ಜೋಮು ಹಿಡಿಯೋರು ಶೂ ಹಾಕ್ಕೊಂಡೇ ಮಾಡಿ, ಮುಗಿದ್ಮೇಲೆ ಅಂಗಾಲಲ್ಲಿ ಗುಳ್ಳೆ ಗಾಯ ಏನಾದ್ರೂ ಆಗಿದ್ಯಾ ನೋಡ್ಕೊಳಿ.