ಸೇಬಿನ ಗಿಡಕ್ಕೆ ಗೊಬ್ಬರಕ್ಕಿಂತ ಕತ್ತರಿ ಮುಖ್ಯ

ಸೇಬು ತಿಂದ ಮೇಲೆ ಬೀಜವನ್ನು ಕುಂಡಕ್ಕೆ ಹಾಕಿ ನೋಡದವರು ಕಡಿಮೆ. ನಾನೂ ಹಾಕಿದ್ದೆ. ಮೊಳಕೆ ಬಂತು, ಗಿಡವೂ ಎದ್ದಿತು. ಏಳನೇ ವರ್ಷ ಕೊನೆಗೂ ನಾಲ್ಕು ಕಾಯಿ ಬಿಟ್ಟಿತು. ನಿಂಬೆಹಣ್ಣಿಗಿಂತ ತುಸು ದೊಡ್ಡವು, ಕಚ್ಚಿದರೆ ಹಲ್ಲು ಜುಮ್ಮೆನ್ನುವಷ್ಟು ಹುಳಿ. ತಪ್ಪು ಗಿಡದ್ದಲ್ಲ, ನನ್ನದು. ಸೇಬಿನ ಒಂದೊಂದು ಬೀಜವೂ ಹೊಸ ತಳಿಯೇ. ತಾಯಿಮರದ ಹಣ್ಣು ಅದರಿಂದ ಬರುವುದಿಲ್ಲ. ಅಪರೂಪಕ್ಕೊಮ್ಮೆ ಲಾಟರಿ ಹೊಡೆಯುತ್ತದೆ, ನಿಜ. ಆಸ್ಟ್ರೇಲಿಯಾದಲ್ಲಿ ಮರಿಯಾ ಆನ್ ಸ್ಮಿತ್ ಎಂಬ ಅಜ್ಜಿಯ ತೋಟದಲ್ಲಿ ತಾನಾಗಿ ಹುಟ್ಟಿದ ಸಸಿಯೇ ಇವತ್ತಿನ ಹಸಿರು ಸೇಬು ‘ಗ್ರ್ಯಾನಿ ಸ್ಮಿತ್’. ಆದರೆ ಅಂಥ ಅದೃಷ್ಟ ನಂಬಿಕೊಂಡು ಏಳು ವರ್ಷ ಕಾಯುವುದಕ್ಕಿಂತ ಕಸಿ ಗಿಡ ತರುವುದೇ ಲೇಸು.

ಮೊದಲು ಚಳಿಯ ಲೆಕ್ಕ

ಸೇಬಿನ ಮರಕ್ಕೆ ನಿದ್ದೆ ಬೇಕು. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗಿದ ಮರ, ಸಾಕಷ್ಟು ಚಳಿ ಉಂಡ ಮೇಲಷ್ಟೇ ಸರಿಯಾಗಿ ಏಳುತ್ತದೆ. ತಾಪಮಾನ ಸುಮಾರು 0ರಿಂದ 7 ಡಿಗ್ರಿ ಸೆಲ್ಸಿಯಸ್ ನಡುವೆ ಇರುವ ಗಂಟೆಗಳನ್ನು ಕೂಡಿಸಿ ಈ ಲೆಕ್ಕ ಹಾಕುತ್ತಾರೆ. ಹೆಚ್ಚಿನ ಹಳೆಯ ತಳಿಗಳಿಗೆ 800ರಿಂದ 1,000 ಗಂಟೆ ಬೇಕು. ಚಳಿ ಸಾಲದಿದ್ದರೆ ಮರ ಸಾಯುವುದಿಲ್ಲ, ಆದರೆ ಕೊಂಬೆಯ ತುದಿಯಲ್ಲಿ ಮಾತ್ರ ಒಂದು ಹಿಡಿ ಎಲೆ, ನಡುವೆಲ್ಲ ಬೋಳು, ಹೂವು ಅಲ್ಲೊಂದು ಇಲ್ಲೊಂದು.

ಬೆಚ್ಚಗಿನ ಜಾಗದವರಿಗೂ ದಾರಿ ಇದೆ. ಇಸ್ರೇಲಿನ ‘ಅನ್ನಾ’, ಬಹಾಮಾಸ್‌ನ ‘ಡಾರ್ಸೆಟ್ ಗೋಲ್ಡನ್’, ಹಿಮಾಚಲದ ಕೃಷಿಕ ಹರಿಮನ್ ಶರ್ಮಾ ಬೆಳೆಸಿದ ‘ಎಚ್‌ಆರ್‌ಎಂಎನ್-99’ ಕಡಿಮೆ ಚಳಿ ಸಾಕೆನ್ನುವ ತಳಿಗಳು. ಇಂಡೊನೇಷ್ಯಾದ ಜಾವಾದ ಬೆಟ್ಟದ ಬೆಳೆಗಾರರು ಇನ್ನೂ ಜಾಣರು. ಕೊಯ್ಲು ಮುಗಿದ ಮೇಲೆ ಮರದ ಎಲೆಯನ್ನೆಲ್ಲ ಕೈಯಲ್ಲೇ ಕಿತ್ತು ಬೋಳು ಮಾಡಿ, ಚಳಿಗಾಲವೇ ಇಲ್ಲದ ಊರಲ್ಲಿ ಮರವನ್ನು ಮತ್ತೆ ಹೂವಿಗೆ ತರುತ್ತಾರೆ.

ಬುಡ ಯಾವುದು ಎಂದು ಕೇಳಿ

ಗಿಡ ಕೊಳ್ಳುವಾಗ ಎಲ್ಲರೂ ತಳಿಯ ಹೆಸರು ಕೇಳುತ್ತಾರೆ. ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಕೆಳಗಿನ ಬೇರುಸಸಿಯದು, ಅಂದರೆ ತಳಿಯ ತುಂಡನ್ನು ಕಸಿ ಕಟ್ಟಿದ ಬುಡದ್ದು. ಮೇಲಿನ ತುಂಡು ಹಣ್ಣಿನ ರುಚಿ ನಿರ್ಧರಿಸಿದರೆ, ಮರ ಎಷ್ಟೆತ್ತರ ಹೋಗಬೇಕು ಎಂದು ಹೇಳುವುದು ಬಹುಮಟ್ಟಿಗೆ ಬುಡವೇ. ‘ಎಂ9’ ಬುಡದ ಗಿಡ ಎರಡೂವರೆ, ಮೂರು ಮೀಟರ್‌ಗೆ ನಿಲ್ಲುತ್ತದೆ. ಎರಡು ಮೂರು ವರ್ಷಕ್ಕೇ ಕಾಯಿ ಬಿಡುತ್ತದೆ. ಆದರೆ ಬೇರು ಪುಕ್ಕಲು, ಬದುಕಿರುವಷ್ಟು ಕಾಲ ಆಸರೆ ಕೋಲು ಬೇಕು. ‘ಎಂಎಂ106’ ನಾಲ್ಕು ಮೀಟರ್ ಆಸುಪಾಸು ಬೆಳೆಯುತ್ತದೆ, ಬಹುಮಟ್ಟಿಗೆ ತಾನೇ ನಿಲ್ಲುತ್ತದೆ. ಬೀಜದ ಬುಡದ್ದು ದೊಡ್ಡ ಮರವಾಗುತ್ತದೆ, ಏಣಿ ಹಾಕದೆ ಕೊಯ್ಯಲಾಗದು. ಮನೆಯ ಹಿತ್ತಲಿಗೆ ಗಿಡ್ಡ ಬುಡವೇ ಸರಿ ಎಂಬುದು ನನ್ನ ಮಾತು. ಕೈಗೆ ಎಟುಕುವ ಮರವನ್ನಷ್ಟೇ ನಾವು ನಿಜವಾಗಿ ನೋಡಿಕೊಳ್ಳುತ್ತೇವೆ, ಅಲ್ವಾ?

ಜೊತೆಗೆ, ಒಂದೇ ಗಿಡ ನೆಟ್ಟು ಕಾಯಿ ಕಾಯಬೇಡಿ. ಬಹುತೇಕ ಸೇಬುಗಳು ತಮ್ಮದೇ ತಳಿಯ ಪರಾಗವನ್ನು ಒಪ್ಪುವುದಿಲ್ಲ. ಅದೇ ಹೊತ್ತಿಗೆ ಹೂ ಬಿಡುವ ಬೇರೆ ತಳಿಯೊಂದು ಹತ್ತಿರದಲ್ಲಿರಬೇಕು. ಪಕ್ಕದ ಮನೆಯಲ್ಲಿದ್ದರೂ ಆಯಿತು, ಜೇನುನೊಣಕ್ಕೆ ಬೇಲಿ ಲೆಕ್ಕಕ್ಕಿಲ್ಲ. ‘ಜೋನಾಗೋಲ್ಡ್’ನಂಥ ಕೆಲವು ತಳಿಗಳ ಪರಾಗ ಯಾರಿಗೂ ಉಪಯೋಗಕ್ಕೆ ಬಾರದು. ಅವುಗಳ ಜೊತೆ ಇನ್ನೂ ಎರಡು ಬೇಕು.

ನೆಡುವುದು

ದಿನಕ್ಕೆ ಆರರಿಂದ ಎಂಟು ಗಂಟೆ ಬಿಸಿಲು ಬೀಳುವ ಜಾಗ ನೋಡಿ. ಮೊಣಕಾಲುದ್ದ ಗುಂಡಿ ತೋಡಿ ಒಂದು ಬಕೆಟ್ ನೀರು ಸುರಿಯಿರಿ. ಮರುದಿನವೂ ನೀರು ನಿಂತಿದ್ದರೆ ಆ ಜಾಗ ಬೇಡ, ಇಲ್ಲವೇ ಮಣ್ಣನ್ನು ದಿಬ್ಬ ಮಾಡಿ ಅದರ ಮೇಲೆ ನೆಡಿ. ನೀರು ನಿಂತ ಕಡೆ ಸೇಬಿನ ಬೇರು ಕೊಳೆಯುತ್ತದೆ.

ನೆಡುವ ಗುಂಡಿ ಬೇರಿನ ಎರಡರಷ್ಟು ಅಗಲವಿರಲಿ, ಆಳ ಬೇರಿನಷ್ಟೇ ಸಾಕು. ತೆಗೆದ ಮಣ್ಣನ್ನೇ ಮತ್ತೆ ತುಂಬಿ. ಗುಂಡಿಗೆ ಗೊಬ್ಬರ ಸುರಿಯುವುದು ಬೇಡ, ಕೊಡುವುದಿದ್ದರೆ ಆಮೇಲೆ ಮಣ್ಣಿನ ಮೇಲೆ ಹರಡಿ. ಕಾಂಡದ ಬುಡದಲ್ಲಿ ಸಣ್ಣ ಗಂಟು, ಸೊಟ್ಟ ಕಾಣುತ್ತದಲ್ಲ, ಅದು ಕಸಿ ಗಂಟು. ಅದು ನೆಲದಿಂದ ನಾಲ್ಕೈದು ಬೆರಳು ಮೇಲೇ ಇರಬೇಕು. ಮಣ್ಣಿನಲ್ಲಿ ಮುಚ್ಚಿಹೋದರೆ ಮೇಲಿನ ತುಂಡು ತಾನೇ ಬೇರು ಬಿಡುತ್ತದೆ. ನೀವು ದುಡ್ಡು ಕೊಟ್ಟು ತಂದ ಗಿಡ್ಡ ಬುಡ ಸುಮ್ನೆ ದಂಡ.

ಮೊದಲ ವರ್ಷ ವಾರಕ್ಕೊಮ್ಮೆ ಒಂದೆರಡು ಬಕೆಟ್ ನೀರು ನಿಧಾನವಾಗಿ ಇಂಗಿಸಿ. ಮಳೆಯಿದ್ದರೆ ಬೇಡ. ಪಾತಿಗೆ ತರಗೆಲೆ, ಒಣಹುಲ್ಲಿನ ಹೊದಿಕೆ ಹಾಕಿ. ಕಾಂಡದ ಸುತ್ತ ಒಂದು ಗೇಣು ಬಿಟ್ಟುಬಿಡಿ, ತೊಗಟೆಗೆ ತಾಗಿದರೆ ಕೊಳೆ, ಇಲಿ ಎರಡೂ ಬರುತ್ತವೆ. ವರ್ಷಕ್ಕೊಮ್ಮೆ ಚಿಗುರುವ ಮುನ್ನ ಹಳೆಯ ಕೊಟ್ಟಿಗೆ ಗೊಬ್ಬರ ಕೊಟ್ಟರೆ ಗೊಬ್ಬರದ ಮಾತು ಮುಗಿಯಿತು. ಸಾರಜನಕ ಜಾಸ್ತಿಯಾದರೆ ಎಲೆ ಸೊಂಪಾಗಿರುತ್ತದೆ, ಹೂವು ಇರುವುದಿಲ್ಲ.

ಕತ್ತರಿ ಹಿಡಿಯುವುದು

ಇಲ್ಲೇ ಎಲ್ಲರ ಕೈ ನಡುಗುವುದು. ನೆಟ್ಟ ಒಂಟಿ ಕೋಲಿನಂಥ ಗಿಡವನ್ನು ಸೊಂಟದೆತ್ತರಕ್ಕೆ, ಅಂದರೆ 75–80 ಸೆಂಟಿಮೀಟರ್‌ಗೆ, ಕತ್ತರಿಸಬೇಕು. ಕೆಳಗಿನ ಕಣ್ಣುಗಳು ಒಡೆದು ಕೊಂಬೆ ಬರುತ್ತವೆ. ಅದರಲ್ಲಿ ನಾಲ್ಕು ದಿಕ್ಕಿಗೆ ಹರಡಿದ ಮೂರು ನಾಲ್ಕನ್ನು ಇಟ್ಟುಕೊಂಡು ಉಳಿದವನ್ನು ತೆಗೆಯಿರಿ.

ಆ ಎಳೆ ಕೊಂಬೆಗಳು ನೆಟ್ಟಗೆ ಆಕಾಶ ನೋಡುತ್ತಿರುತ್ತವೆ. ಅವನ್ನು ಬಾಗಿಸಬೇಕು. ಬಟ್ಟೆ ಒಣಹಾಕುವ ಕ್ಲಿಪ್ ಒಂದನ್ನು ಕಾಂಡಕ್ಕೆ ಸಿಕ್ಕಿಸಿ, ಅದರ ಬಾಲ ಕೊಂಬೆಯನ್ನು ಹೊರಗೆ ತಳ್ಳುವಂತೆ ಇಡಿ. ಕೊಂಬೆ ಬೆರಳಿನಷ್ಟು ದಪ್ಪವಾದ ಮೇಲೆ ದಾರ ಕಟ್ಟಿ ಕೆಳಗೆಳೆಯಿರಿ. ನೇರ ಎದ್ದ ಕೊಂಬೆ ಬೆಳೆಯುವುದರಲ್ಲೇ ಮುಳುಗಿರುತ್ತದೆ. ಅರ್ಧ ಮಲಗಿದ ಕೊಂಬೆ ಬೇಗ ಹೂವಿಗೆ ತಿರುಗುತ್ತದೆ.

ಆಮೇಲೆ ಪ್ರತಿ ಚಳಿಗಾಲ, ಮರ ಬೋಳಾಗಿದ್ದಾಗ ಸವರುವ ಕೆಲಸ. ಮೊದಲು ಒಣಗಿದ್ದು, ರೋಗ ಹಿಡಿದದ್ದು. ನಂತರ ಒಂದಕ್ಕೊಂದು ಉಜ್ಜುವ ಕೊಂಬೆ, ಮರದ ಹೊಟ್ಟೆಯೊಳಗೆ ತೂರುವ ಕೊಂಬೆ. ಹೊರಕ್ಕೆ ಮುಖ ಮಾಡಿದ ಕಣ್ಣಿನ ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಿ. ಒಂದು ವರ್ಷಕ್ಕೆ ಮರದ ಕಾಲುಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ಹೆಚ್ಚು ಕತ್ತರಿಸಿದರೆ ಮರ ಸಿಟ್ಟಿಗೆದ್ದಂತೆ ಬಾಣದಂಥ ಚಿಗುರುಗಳನ್ನು ಮೇಲಕ್ಕೆ ಬಿಡುತ್ತದೆ.

ಕತ್ತರಿಸುವ ಮೊದಲು ಕೊಂಬೆಯನ್ನು ಕಣ್ಣ ಹತ್ತಿರ ತಂದು ನೋಡಿ. ಎರಡು ವರ್ಷ ದಾಟಿದ ಕೊಂಬೆಯ ಮೇಲೆ ಬೆರಳುದ್ದದ, ಸುಕ್ಕು ಸುಕ್ಕಾದ ಗಿಡ್ಡ ಕಡ್ಡಿಗಳಿರುತ್ತವೆ. ಮೈ ತುಂಬ ಉಂಗುರದಂಥ ಗೆರೆ, ತುದಿಯಲ್ಲಿ ದಪ್ಪನೆಯ, ಬೂದು ನವಿರು ಹೊದ್ದ ಮೊಗ್ಗು. ಒಣಕಲು ಎಂದುಕೊಂಡು ಅದನ್ನೇ ಮೊದಲು ಕತ್ತರಿಸುವವರಿದ್ದಾರೆ. ಮುಂದಿನ ಹಣ್ಣು ಇರುವುದೇ ಅದರಲ್ಲಿ. ಎಲೆಯ ಮೊಗ್ಗು ಸಣ್ಣದು, ಚೂಪು, ಕೊಂಬೆಗೆ ಅಂಟಿಕೊಂಡಿರುತ್ತದೆ. ಒಮ್ಮೆ ವ್ಯತ್ಯಾಸ ಗೊತ್ತಾದರೆ ಸವರುವ ಹೆದರಿಕೆ ಅರ್ಧ ಹೋಯಿತು.

ಹೀಚು ಕೀಳುವ ಸಂಕಟ

ಒಂದು ಗೊಂಚಲಲ್ಲಿ ಐದಾರು ಹೂವು, ಎಲ್ಲವೂ ಕಚ್ಚಿದರೆ ಐದಾರು ಹೀಚು. ಹೂವಾದ ಕೆಲವು ವಾರಕ್ಕೆ ಮರ ತಾನೇ ಒಂದಷ್ಟನ್ನು ಉದುರಿಸುತ್ತದೆ. ಹೆದರಬೇಡಿ. ಅದು ಮುಗಿದ ಮೇಲೆ ನಿಮ್ಮ ಸರದಿ. ಗೊಂಚಲಿಗೆ ಒಂದು ಕಾಯಿ, ಕಾಯಿಂದ ಕಾಯಿಗೆ ಸುಮಾರು 15 ಸೆಂಟಿಮೀಟರ್ ಅಂತರ ಬಿಟ್ಟು ಉಳಿದದ್ದನ್ನು ಕಿತ್ತುಹಾಕಿ. ಸೊಟ್ಟಗಿದ್ದದ್ದು, ತೂತು ಬಿದ್ದದ್ದು ಮೊದಲು ಹೋಗಲಿ. ನೆಟ್ಟ ಮೊದಲೆರಡು ವರ್ಷವಂತೂ ಒಂದನ್ನೂ ಉಳಿಸಬೇಡಿ, ಬೇರು ಊರಿಕೊಳ್ಳಲಿ.

ನನಗೆ ಮನಸ್ಸು ಬಂದಿರಲಿಲ್ಲ. ಕಸಿ ಗಿಡದ ನಾಲ್ಕನೇ ವರ್ಷ ಮರ ತುಂಬ ಕಾಯಿ, ಬಂದವರಿಗೆಲ್ಲ ತೋರಿಸಿ ಬೀಗಿದೆ. ಒಂದು ಗಾಳಿ ಮಳೆಗೆ ಕಾಯಿ ತುಂಬಿದ ದೊಡ್ಡ ಕೊಂಬೆಯೇ ತೊಗಟೆ ಸೀಳಿಕೊಂಡು ಬಿತ್ತು. ಉಳಿದ ಹಣ್ಣು ಸಣ್ಣ, ಸಪ್ಪೆ. ಮರುವರ್ಷ ಹೂವೇ ಇಲ್ಲ. ಕಾರಣ ಬೀಜದಲ್ಲಿದೆ. ಮುಂದಿನ ವರ್ಷದ ಹೂಮೊಗ್ಗು ತಯಾರಾಗುವುದು ಈ ವರ್ಷದ ಬೇಸಿಗೆಯಲ್ಲೇ. ಅದೇ ಹೊತ್ತಿಗೆ ಕಾಯಿಯೊಳಗಿನ ಬೀಜಗಳು ಹೊರಡಿಸುವ ಹಾರ್ಮೋನು ಹೂಮೊಗ್ಗನ್ನು ತಡೆಯುತ್ತದೆ. ಕಾಯಿ ಹೆಚ್ಚಾದಷ್ಟೂ ತಡೆ ಹೆಚ್ಚು. ವರ್ಷ ಬಿಟ್ಟು ವರ್ಷ ಬಿಡುವ ಮರಗಳ ಗುಟ್ಟು ಬಹುಪಾಲು ಇದೇ.

ಹುಳು, ರೋಗ

ಎಲೆ, ಕಾಯಿಯ ಮೇಲೆ ಕಪ್ಪು ಕಜ್ಜಿಯಂಥ ಚುಕ್ಕೆ ಬಂದರೆ ಅದು ಶಿಲೀಂಧ್ರ, ಉದುರಿದ ಎಲೆಯಲ್ಲಿ ಚಳಿಗಾಲ ಕಳೆಯುತ್ತದೆ. ರೋಗ ಬಿದ್ದ ಮರದ ಎಲೆಯನ್ನು ಗುಡಿಸಿ ತೋಟದಿಂದಾಚೆ ಸಾಗಿಸಿ, ಹೊದಿಕೆಗೆ ಬಳಸಬೇಡಿ. ಕಾಯಿ ಕೊರೆಯುವ ಹುಳುವಿಗೆ ಸುಲಭ ಉಪಾಯ, ಹೀಚು ಕಿತ್ತ ದಿನವೇ ಉಳಿದ ಕಾಯಿಗೆ ಕಾಗದದ ಚೀಲ ಕಟ್ಟುವುದು. ಕೊಂಬೆಯ ಮೇಲೆ ಹತ್ತಿ ಮೆತ್ತಿದಂತೆ ಕಂಡರೆ ಉಣ್ಣೆ ಹೇನು, ಹಳೆಯ ಬ್ರಷ್‌ನಿಂದ ಸೋಪಿನ ನೀರು ಹಚ್ಚಿ ತಿಕ್ಕಿ. ಹೂವಿದ್ದಾಗ ಯಾವ ಕೀಟನಾಶಕವೂ ಬೇಡ, ಜೇನು ಸತ್ತರೆ ಕಾಯಿ ಎಲ್ಲಿಂದ?

ಕೊಯ್ಲು

ಕೆಂಪು ಬಣ್ಣ ನಂಬಬೇಡಿ. ಕೆಂಪಿನ ಹಿಂದಿನ ಹಸಿರು ಹಳದಿಗೆ ತಿರುಗಿದೆಯೇ ನೋಡಿ. ಒಂದು ಹಣ್ಣು ಕತ್ತರಿಸಿ, ಬೀಜ ಕಂದಾಗಿದ್ದರೆ ಬಹುತೇಕ ತಳಿಗಳಲ್ಲಿ ಸಮಯ ಬಂದಂತೆ. ಅಂಗೈಯಲ್ಲಿ ಹಣ್ಣು ಹಿಡಿದು ಮೇಲಕ್ಕೆತ್ತಿ ಸ್ವಲ್ಪ ತಿರುವಿ. ಬಲಿತಿದ್ದರೆ ತೊಟ್ಟು ಸಮೇತ ಕೈಗೆ ಬರುತ್ತದೆ. ಎಳೆಯಬೇಕಾದರೆ ಇನ್ನೊಂದು ವಾರ ಬಿಡಿ.

ತೊಟ್ಟು ಕಿತ್ತುಹೋದದ್ದನ್ನೂ ಪೆಟ್ಟು ಬಿದ್ದದ್ದನ್ನೂ ಬೇರೆ ಇಟ್ಟು ಮೊದಲು ತಿಂದು ಮುಗಿಸಿ. ಅವು ಹೊರಬಿಡುವ ಎಥಿಲೀನ್ ಅನಿಲಕ್ಕೆ ಪಕ್ಕದ ಹಣ್ಣೂ ಬೇಗ ಮೆತ್ತಗಾಗುತ್ತದೆ. ಚೆನ್ನಾಗಿರುವುದನ್ನು ಫ್ರಿಜ್ಜಿನ ಕೆಳಗಿನ ಡಬ್ಬಿಯಲ್ಲಿಟ್ಟು ವಾರಕ್ಕೊಮ್ಮೆ ಕೈಯಾಡಿಸಿ ನೋಡಿ.