ಡಕ್ ಸ್ಟಾಂಪಿಗೆ ನಾನು ಬರೆದ ಬಾತು

ಅಮೆರಿಕದ ಸರ್ಕಾರ ಪ್ರತಿ ವರ್ಷ ಒಂದು ಚಿತ್ರಸ್ಪರ್ಧೆ ನಡೆಸುತ್ತದೆ. ಗೆದ್ದವರಿಗೆ ಒಂದು ಡಾಲರ್ ನಗದೂ ಇಲ್ಲ, ಸೇರುವುದಕ್ಕೆ ನಾವೇ 125 ಡಾಲರ್ ಕಟ್ಟಬೇಕು. ಗೆದ್ದ ಚಿತ್ರ ಮುಂದಿನ ವರ್ಷದ ಡಕ್ ಸ್ಟಾಂಪ್, ಅಂದರೆ ಬಾತು ಬೇಟೆಗೆ ಬೇಕಾದ ಚೀಟಿ, ಆಗುತ್ತದೆ. ಕಲಾವಿದನಿಗೆ ಸಿಗುವುದು ಸಚಿವರ ಸಹಿಯಿರುವ ಒಂದು ಹಾಳೆ ಸ್ಟಾಂಪು ಮತ್ತು ಅದೇ ಚಿತ್ರದ ಪ್ರಿಂಟ್ ಮಾರಿಕೊಳ್ಳುವ ಅವಕಾಶ. ದುಡ್ಡಿರುವುದು ಆ ಪ್ರಿಂಟುಗಳಲ್ಲೇ.

ನಾನು ಗದಗ ಜಿಲ್ಲೆಯವನು, ಈಗ ಮಿನ್ನೆಸೋಟದಲ್ಲಿದ್ದೇನೆ. ಗ್ರೀನ್ ಕಾರ್ಡ್ ಬಂದ ಮೇಲೆ ಸ್ಪರ್ಧೆಗೆ ಅರ್ಹನಾದೆ. ಊರಿಗೆ ಫೋನ್ ಮಾಡಿ ಹೇಳಿದರೆ ಅವ್ವ, "ಹಕ್ಕಿ ಹೊಡಿಯೋರ ಚೀಟಿಗೆ ನೀ ಚಿತ್ರ ಬರೀತೀಯೇನಪಾ?" ಅಂದಳು. ಪ್ರಶ್ನೆ ಸರಿಯಾಗೇ ಇತ್ತು. ಇದು ಬೇಟೆಗಾರರ ಸ್ಟಾಂಪೇ. 16 ದಾಟಿದ ಯಾರೇ ಆಗಲಿ, ಇದಿಲ್ಲದೆ ಇಲ್ಲಿ ಬಾತು ಹೊಡೆಯುವಂತಿಲ್ಲ. ಬರಗಾಲದಲ್ಲಿ ಜೌಗು ನೆಲಗಳು ಒಣಗಿ ಬಾತುಗಳ ಸಂಖ್ಯೆ ಕುಸಿದಿದ್ದ 1934ರಲ್ಲಿ ಈ ಕಾನೂನು ಬಂತು. ಮೊದಲ ಸ್ಟಾಂಪಿನ ಚಿತ್ರ ಬರೆದವರು ವ್ಯಂಗ್ಯಚಿತ್ರಕಾರ ಜೇ 'ಡಿಂಗ್' ಡಾರ್ಲಿಂಗ್. ಬೆಲೆ ಒಂದು ಡಾಲರ್. ಈಗ 25. ಅದರಲ್ಲಿ ಡಾಲರಿಗೆ 98 ಸೆಂಟ್ ನೇರವಾಗಿ ಜೌಗು ನೆಲ ಕೊಳ್ಳುವ ನಿಧಿಗೆ ಹೋಗುತ್ತದೆ. ಇಲ್ಲಿಯವರೆಗೆ 60 ಲಕ್ಷ ಎಕರೆಗೂ ಹೆಚ್ಚು ನೆಲ ಈ ದುಡ್ಡಿನಿಂದ ಉಳಿದಿದೆ.

ನನಗೆ ಹೆಚ್ಚು ಹಿಡಿಸಿದ್ದು ಕೊಳ್ಳದೆಯೂ ಉಳಿಸುವ ಕ್ರಮ. ಮಿನ್ನೆಸೋಟದಿಂದ ಡಕೋಟಾಗಳವರೆಗೆ ಹೊಲಗಳ ನಡುವೆ ಹಿಮಯುಗ ಬಿಟ್ಟುಹೋದ ಸಾವಿರಾರು ಹೊಂಡಗಳಿವೆ. ಬಾತುಗಳು ಮರಿ ಮಾಡುವುದು ಅಲ್ಲಿ. ರೈತ ಜಮೀನು ಮಾರಬೇಕಿಲ್ಲ. ಹೊಂಡದ ನೀರು ಬಸಿಯುವುದಿಲ್ಲ, ಮುಚ್ಚುವುದಿಲ್ಲ, ಅದರ ಜೊಂಡು ಸುಡುವುದಿಲ್ಲ ಎಂದು ಶಾಶ್ವತ ಕರಾರು ಬರೆದುಕೊಟ್ಟರೆ ನಿಧಿಯಿಂದ ಹಣ ಬರುತ್ತದೆ. ಜಮೀನು ಮಗನ ಕೈಗೆ ಹೋದರೂ, ಬೇರೆಯವರ ಕೈಗೆ ಹೋದರೂ ಕರಾರು ಜೊತೆಗೇ ಹೋಗುತ್ತದೆ. ಅವ್ವನಿಗೆ ಇದನ್ನು ಹೇಳಿದಾಗ "ಹಂಗಾದ್ರ ಬರಿ" ಅಂದಳು. ನಮ್ಮ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳು ಶೇಂಗಾ ಹೊಲಕ್ಕೆ ಇಳಿಯುವುದನ್ನು ಕಂಡವಳಿಗೆ ರೈತ, ಹಕ್ಕಿ, ನೀರಿನ ಲೆಕ್ಕ ಬಿಡಿಸಿ ಹೇಳಬೇಕಾಗಿರಲಿಲ್ಲ.

ಯಾವ ಹಕ್ಕಿ ಬರೆಯಬೇಕೆಂಬುದು ನಮ್ಮ ಇಷ್ಟವಲ್ಲ. ಪ್ರತಿ ವರ್ಷ ಬೆರಳೆಣಿಕೆಯ ಜಾತಿಗಳ ಪಟ್ಟಿ ಕೊಡುತ್ತಾರೆ. ನಾನು ಸೇರಿದ ವರ್ಷ ಅದರಲ್ಲಿ ಸೂಜಿಬಾಲದ ಬಾತು ಇತ್ತು. ಚಳಿಗಾಲಕ್ಕೆ ನಮ್ಮ ಕೆರೆಗಳಿಗೂ ಬರುವ ಹಕ್ಕಿ, ಬೇರೆ ಯೋಚಿಸಲಿಲ್ಲ. ಚಿತ್ರ ಕಳಿಸಲು ಆಗಸ್ಟ್ ಮಧ್ಯದವರೆಗೆ ಸಮಯವಿರುತ್ತದೆ, ಆದರೆ ಬೇಸಿಗೆಯ ಕೊನೆಗೆ ಗಂಡು ಪುಕ್ಕ ಕಳಚಿ ಹೆಣ್ಣಿನಂತೆ ಕಂದಾಗಿಬಿಡುತ್ತದೆ. ಆದ್ದರಿಂದ ಹಿಮ ಕರಗುವಾಗಲೇ ಹೊಂಡಗಳ ಬಳಿ ಕೂತು ಸ್ಕೆಚ್ ಮಾಡಿಕೊಂಡೆ, ಫೋಟೊ ನಾನೇ ತೆಗೆದೆ. ಬೇರೆಯವರ ಫೋಟೊ ನೋಡಿ ನಕಲು ಮಾಡುವಂತಿಲ್ಲ.

ಚಿತ್ರದ ಅಳತೆ 7 ಇಂಚು ಎತ್ತರ, 10 ಇಂಚು ಅಗಲ. ನಾನು ಗಟ್ಟಿ ಬೋರ್ಡಿನ ಮೇಲೆ ಅಕ್ರಿಲಿಕ್‌ನಲ್ಲಿ ಬರೆದೆ. ಕಷ್ಟ ಇರುವುದು ಎರಡು ಬಗೆಯ ನೋಟಕ್ಕೆ ಬರೆಯುವುದರಲ್ಲಿ. ತೀರ್ಪುಗಾರರು ಹತ್ತಿರದಿಂದ ಗರಿ ಗರಿ ನೋಡುತ್ತಾರೆ. ರೆಕ್ಕೆಯ ತುದಿಗರಿ ಒಂದು ಹೆಚ್ಚಾದರೂ ಬಾತು ಬಲ್ಲವರಿಗೆ ಗೊತ್ತಾಗುತ್ತದೆ. ಅದೇ ಚಿತ್ರ ಸ್ಟಾಂಪಾದಾಗ ಪಕ್ಕೆಯ ಮೇಲಿನ ಎಳೆಎಳೆ ಗೆರೆಗಳೆಲ್ಲ ಬರೀ ಬೂದಿಬಣ್ಣವಾಗುತ್ತವೆ. ಅಲ್ಲಿ ಉಳಿಯುವುದು ಚಾಕಲೇಟು ಬಣ್ಣದ ತಲೆ, ಕತ್ತಿನುದ್ದ ಏರುವ ಬಿಳಿ ಪಟ್ಟಿ, ಉದ್ದ ಬಾಲ, ಇಷ್ಟೇ. ದಿನವೂ ಮೊಬೈಲಿನಲ್ಲಿ ಫೋಟೊ ತೆಗೆದು ಚಿಕ್ಕದು ಮಾಡಿ ನೋಡುತ್ತಿದ್ದೆ. ಬಿಳಿ ಪಟ್ಟಿ ಹಿಂದಿನ ನೀರಿನ ಹೊಳಪಿನಲ್ಲಿ ಕರಗಿದ್ದು ಕಂಡು ನೀರಿಗೆ ಜೊಂಡಿನ ನೆರಳು ತಂದೆ. ಸಹಿ ಹಾಕುವಂತಿಲ್ಲ, ಅಕ್ಷರವೂ ಕೂಡದು. 2020ರಲ್ಲಿ ಬೇಟೆಯ ಗುರುತು ಚಿತ್ರದಲ್ಲಿ ಇರಲೇಬೇಕೆಂದು ನಿಯಮ ಮಾಡಿದ್ದರು, ಮರುವರ್ಷ ತೆಗೆದರು. ಅದಿದ್ದಿದ್ದರೆ ನಾನು ಸೇರುತ್ತಿರಲಿಲ್ಲ.

ಐವರು ತೀರ್ಪುಗಾರರು. ಮೊದಲ ಸುತ್ತಿನಲ್ಲಿ 'ಇನ್' ಅಥವಾ 'ಔಟ್', ಆಮೇಲೆ ಅಂಕ. ನನ್ನ ಬಾತು ಮೊದಲ ಸುತ್ತು ದಾಟಿತು, ಅಲ್ಲಿಗೇ ನಿಂತಿತು. ಮೂವರೂ ಸೇರಿ ಹನ್ನೆರಡಕ್ಕೂ ಹೆಚ್ಚು ಸಲ ಗೆದ್ದಿರುವ ಹಾಟ್‌ಮನ್ ಸಹೋದರರು ನಮ್ಮ ರಾಜ್ಯದವರೇ. ಅವರ ನೀರು ನೋಡಿದರೆ ಒದ್ದೆ ಕಾಣುತ್ತದೆ, ಸೋತದ್ದಕ್ಕೆ ಬೇಸರವೇನೂ ಆಗಲಿಲ್ಲ.

ಸೋತ ಚಿತ್ರವನ್ನೇ ಪ್ರಿಂಟ್ ಮಾಡಿಸಿದೆ. ಪ್ರತಿ ಪ್ರಿಂಟಿನ ಜೊತೆ ಆ ವರ್ಷದ ಅಸಲಿ ಸ್ಟಾಂಪೊಂದನ್ನು ಅಂಚೆ ಕಚೇರಿಯಿಂದ ತಂದು ಸೇರಿಸಿ ಮಾರಿದೆ. 25 ಡಾಲರನ್ನು ಬಿಲ್ಲಿನಲ್ಲಿ ಬೇರೆಯೇ ತೋರಿಸಿದೆ, ಅದರ ಮೇಲೆ ಲಾಭ ಇಟ್ಟುಕೊಳ್ಳಲಿಲ್ಲ. ಕೊಂಡವರಲ್ಲಿ ಹೆಚ್ಚಿನವರು ಕನ್ನಡ ಸಂಘದ ಗೆಳೆಯರು, ಕೋವಿ ಮುಟ್ಟಿದವರಲ್ಲ. ಬೇಟೆಯಾಡದವರೂ ಕೊಳ್ಳಬಹುದೆಂದು ಎಷ್ಟೋ ಜನಕ್ಕೆ ತಿಳಿದೇ ಇರಲಿಲ್ಲ. ಶುಲ್ಕವಿರುವ ರಾಷ್ಟ್ರೀಯ ವನ್ಯಜೀವಿ ತಾಣಗಳಿಗೆ ಇದೇ ಸ್ಟಾಂಪು ಮುಂದಿನ ಜೂನ್ 30ರವರೆಗೆ ಪ್ರವೇಶಪತ್ರವೂ ಹೌದು. ಹಾಗೆ ಬಳಸುವವರು ಅದರ ಮೇಲೆ ಶಾಯಿಯಲ್ಲಿ ಸಹಿ ಹಾಕಬೇಕು. ಪ್ರಿಂಟಿನ ಜೊತೆ ಫ್ರೇಮ್ ಹಾಕಿಸುವವರಿಗೆ ಮಾತ್ರ ಸಹಿ ಬೇಡವೆನ್ನುತ್ತೇನೆ. ಸಹಿಯಾದ ಸ್ಟಾಂಪಿಗೆ ಸಂಗ್ರಹಕಾರರು ಕೊಡುವ ಬೆಲೆ ಕಡಿಮೆ. ಎರಡೂ ಬೇಕೆಂದವರು ಎರಡು ಕೊಂಡರು.